ಈ ಪುಟ ನಿಮಗಲ್ಲ

ಅಮೆರಿಕಾದವನೊಬ್ಬ ಬಾಗಿಲವರೆಗೆ ಬಂದು, ಒಳಗೆ ಬರಲಾಗದೆ ವಾಪಸು ಹೋಗಿದ್ದಾನೆ ಎಂದು ಗೊತ್ತಾದಾಗ ಜಂಬಣ್ಣನ ಬಾಯಲ್ಲಿ ಇನ್ನೂ ಪೇಸ್ಟಿನ ನೊರೆ ಇತ್ತು.

ಬ್ರಷ್ಷನ್ನು ಹಲ್ಲಿನಲ್ಲೇ ಕಚ್ಚಿಕೊಂಡು ಕಂಪ್ಯೂಟರಿನ ತೆರೆಯ ಹತ್ತಿರ ಬಗ್ಗಿ, ತನ್ನ ಪುಟಕ್ಕೆ ಬಂದು ಹೋದವರ ಪಟ್ಟಿ ಓದಿದ. ಒಂದು ಸಲವಲ್ಲ, ಮತ್ತೆ ಮತ್ತೆ ಬಂದಿದ್ದಾನೆ. ಯಾವುದೋ ಯುನಿವರ್ಸಿಟಿಯವನು. ಮಸ್ಕಿಯ ಅಶೋಕನ ಶಾಸನವನ್ನು ಹುಡುಕಿಕೊಂಡು ಇಂಟರ್ನೆಟ್ಟಿನಲ್ಲಿ ಅಲೆದಾಡಿ, ಸಿಂಧನೂರಿನ ಜಂಬಣ್ಣ ಮಾಡಿಟ್ಟ ಪುಟಕ್ಕೆ ಬಂದು ಮುಟ್ಟಿದ್ದಾನೆ. ಜಂಬಣ್ಣ ಬಿಟ್ಟಿಲ್ಲ. ಅಂದರೆ, ಆಗ ಜಂಬಣ್ಣ ನಿದ್ದೆಯಲ್ಲಿದ್ದ. ಅವನು ಬರೆದಿಟ್ಟ ಒಂದು ಸಾಲು ಎಚ್ಚರವಿದ್ದು ಬಿಟ್ಟಿಲ್ಲ.

ಸಿಂಧನೂರಿನ ಒಂದು ಬಾಡಿಗೆ ಕೋಣೆಯಲ್ಲಿ ಬರೀ ಬನಿಯನ್ನಿನಲ್ಲಿ ನಿಂತುಕೊಂಡು ಅಮೆರಿಕಾದವನನ್ನು ಹೊರಗೆ ನಿಲ್ಲಿಸುವುದು ಸಣ್ಣ ಮಾತಲ್ಲ. ಅವನಿಗೆ ಎದೆ ತುಂಬಿ ಬಂತು. ಯಾರಿಗಾದರೂ ಹೇಳೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಹೋಗಿ ಉಗುಳಿ ಬಂದ.

ಸಂಗತಿ ಇಷ್ಟೇ. ಇಂಟರ್ನೆಟ್ಟಿನ ಪುಟವನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎನ್ನುತ್ತಾರೆ. ತೊಂಬತ್ತೊಂಬತ್ತನೆಯ ಇಸವಿಯ ಆ ದಿನಗಳಲ್ಲಿ ಜಂಬಣ್ಣನ ಲೆಕ್ಕಕ್ಕೆ ಅಂಥವು ಎರಡೇ. ಒಂದು, ಕಂಪ್ಯೂಟರ್ ಕೊಂಡವರ ಮನೆಗೆ ಅದರ ಜೊತೆಯಲ್ಲೇ ಬಂದು ಕೂತುಬಿಡುವುದು. ಇನ್ನೊಂದು, ಬೇಕಾದವರು ಹುಡುಕಿ ತಂದು ಹಾಕಿಕೊಳ್ಳುವುದು. ಜಂಬಣ್ಣ ಎರಡನೆಯದರ ಪಂಗಡ. ಕನ್ನಡದ ಅಕ್ಷರಗಳನ್ನು ಪುಟದ ಮೇಲೆ ಕೂರಿಸಲು ಅವನು ವರ್ಷಗಟ್ಟಲೆ ಒದ್ದಾಡಿದ್ದ. ಅವು ನೆಟ್ಟಗೆ ಕೂತದ್ದು ಅವನ ಬ್ರೌಸರಿನಲ್ಲಿ ಮಾತ್ರ. ಆ ಇನ್ನೊಂದರಲ್ಲಿ ನೋಡಿದರೆ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ, ಇರುವೆ ಸಾಲಿನ ಮೇಲೆ ನೀರು ಹೊಯ್ದ ಹಾಗೆ. ಒಡೆದ ಅಕ್ಷರ ತೋರಿಸುವುದಕ್ಕಿಂತ ಬಾಗಿಲು ಹಾಕುವುದು ಮೇಲೆಂದು ಅವನು ತೀರ್ಮಾನಿಸಿದ.

ಬಾಗಿಲು ಹಾಕುವುದೇನೂ ಕಷ್ಟವಿರಲಿಲ್ಲ. ಯಾವ ಪುಟದ ಹತ್ತಿರ ಹೋದರೂ ಬ್ರೌಸರ್ ಮೊದಲು ತನ್ನ ಹೆಸರು ಹೇಳುತ್ತದೆ. ಅದರ ಮುಂದೆ ಕೂತ ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ. ಹೆಸರು ಬೇರೆಯಾಗಿದ್ದರೆ ಒಳಗೆ ಬಿಡದೆ ಒಂದು ಬೋರ್ಡು ತೋರಿಸು ಎಂದು ಜಂಬಣ್ಣ ಒಂದು ಸಾಲು ಬರೆದ. ಬೋರ್ಡಿನ ಮೇಲೆ, 'ಈ ಪುಟ ನಿಮಗಲ್ಲ. ಸರಿಯಾದ ಬ್ರೌಸರ್ ತಂದು ಬನ್ನಿ.' ಕೆಳಗೆ ಇಂಗ್ಲಿಷಿನಲ್ಲೂ ಅದೇ ಮಾತು, ತುಸು ಗಡುಸಾಗಿ. ಇದನ್ನು ಅಕ್ಷರವಾಗಿ ಬರೆಯದೆ ಚಿತ್ರವಾಗಿ ಬಿಡಿಸಿ ಹಾಕಿದ್ದರಿಂದ ಯಾವ ಬ್ರೌಸರಿನಲ್ಲೂ ಒಡೆಯುತ್ತಿರಲಿಲ್ಲ. ಅವನ ಇಡೀ ಕೆಲಸದಲ್ಲಿ ಎಲ್ಲರಿಗೂ ಸರಿಯಾಗಿ ಕಾಣುವ ಕನ್ನಡವೆಂದರೆ ಅದೊಂದೇ ಆಗಿತ್ತು.

ಇವತ್ತು ಅವನು ಲಿಂಗಸುಗೂರಿಗೆ ಹೋಗಬೇಕಿತ್ತು. ಅಲ್ಲಿಯ ಒಂದು ಕಾಲೇಜಿನಲ್ಲಿ ಹೊಸದಾಗಿ ಕಂಪ್ಯೂಟರ್ ವಿಭಾಗ ತೆರೆಯುವವರಿದ್ದರು. ಅದಕ್ಕೊಬ್ಬ ಮುಖ್ಯಸ್ಥ ಬೇಕು; ಕಾಯಂ ನೌಕರಿ. ಅದೇ ಕಾಲೇಜಿನಲ್ಲಿ ಗಣಿತ ಕಲಿಸುವ ಹೊನ್ನೂರಪ್ಪ ಜಂಬಣ್ಣನ ಹಳೆಯ ಗೆಳೆಯ. ಇಬ್ಬರೂ ಮಸ್ಕಿಯ ಸಾಲೆಯಲ್ಲಿ ಒಂದೇ ಬೆಂಚು, ಗುಲಬರ್ಗಾದಲ್ಲಿ ಒಂದೇ ಕೋಣೆ. 'ನಿನ್ನ ಕೆಲಸಾನ ನಮ್ಮ ಅಧ್ಯಕ್ಷರ ಕಣ್ಣಿಗೆ ಒಮ್ಮೆ ಹಾಕು. ಉಳದದ್ದು ನಾ ನೋಡ್ಕೋತೀನಿ' ಎಂದು ಫೋನು ಮಾಡಿದ್ದ.

ಅದೇ ಬಾಡಿಗೆ ಕೋಣೆಯಲ್ಲಿ ಜಂಬಣ್ಣ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿಗೆ ಹುಡುಗರು ಬರುವುದು ನಿಂತು ಬಹಳ ದಿನವಾಗಿತ್ತು. ಕಲಿಸುವುದಕ್ಕಿಂತ ಹೆಚ್ಚು ಬೈಯುತ್ತಾನೆ ಎಂದು ಬಿಟ್ಟವರು ಕೆಲವರು. ಬೈಯಿಸಿಕೊಳ್ಳುವ ಯೋಗ್ಯತೆಯೂ ಇಲ್ಲವೆಂದು ಅವನೇ ಬಿಡಿಸಿದವರು ಕೆಲವರು. ಕೋಣೆಯ ಮಾಲಕ ಮುಂದಿನ ತಿಂಗಳಿನಿಂದ ಅಲ್ಲಿ ಗೊಬ್ಬರದ ಚೀಲ ಒಟ್ಟುವವನಿದ್ದ. ಈ ನೌಕರಿ ಆಗಲಿಲ್ಲವೆಂದರೆ ಮಸ್ಕಿಗೆ ಹೋಗಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂರುವುದೊಂದೇ ದಾರಿ. ಎಂ.ಎಸ್‌ಸಿ. ಮಾಡಿಕೊಂಡು, ತಲೆಯಲ್ಲಿ ಅಷ್ಟಿಷ್ಟು ಕೂದಲು ಬೆಳ್ಳಗಾದ ಮೇಲೆ, ಅಪ್ಪನ ಪಕ್ಕದಲ್ಲಿ ಕೂತು ಲುಂಗಿ ಬಟ್ಟೆ ಹರಿಯುವುದು! ಅದಕ್ಕಿಂತ ಸಾವು ಮೇಲು ಎಂದು ಅವನು ಆಗಾಗ ಅಂದುಕೊಳ್ಳುತ್ತಿದ್ದ. ಸಾಯುವ ಯೋಚನೆಯೇನೂ ಇರಲಿಲ್ಲ.

ಬೂಟಿಗೆ ಪಾಲಿಶ್ ಹಚ್ಚಿದ. ತನ್ನ ಬ್ರೌಸರ್ ಇರುವ ಸೀಡಿಯೊಂದನ್ನು, ಇರಲಿ ಎಂದು, ಚೀಲಕ್ಕೆ ಹಾಕಿಕೊಂಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಊರವರು ಅವನನ್ನು ಆಡಿಕೊಳ್ಳುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಮಲ್ಲಿಗೆಯ ವಾಸನೆ ಅವರಿಗೇನು ಗೊತ್ತು ಎಂಬುದು ಅವನ ಉತ್ತರ.

ಬಸ್ಸು ಮಸ್ಕಿಯಲ್ಲಿ ನಿಂತಿತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯನ್ನು ಬಿಟ್ಟು ಹೋಗುವಂತಿಲ್ಲ. ಅವನ ಕೈಯಲ್ಲಿದ್ದರೆ ಹೊಸ ದಾರಿ ಹಾಕಿಸುತ್ತಿದ್ದ. ಕಿಟಕಿಯಾಚೆ ಬಜಾರು, ಬಜಾರಿನ ಬಾಯಲ್ಲೇ ಅಪ್ಪನ ಅಂಗಡಿ. ಅಮರಗುಂಡಪ್ಪ ಹಣೆಯ ತುಂಬ ವಿಭೂತಿ ಬಳಿದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಗಿರಾಕಿ ಒಬ್ಬರೂ ಇರಲಿಲ್ಲ.

ಅಪ್ಪನ ಹಟ ಆ ಸೀಮೆಗೆಲ್ಲ ಗೊತ್ತಿದ್ದ ಸಂಗತಿ. ಎದುರಿಗಿರುವ ದೊಡ್ಡ ಬಟ್ಟೆ ಅಂಗಡಿಯವನು ಒಂದು ಕಾಲಕ್ಕೆ ಅವನ ಪಾಲುದಾರ. ಇಬ್ಬರೂ ಮುರಿದುಕೊಂಡ ದಿನದಿಂದ, ಆ ಅಂಗಡಿಯ ಹೆಸರು ಅಚ್ಚು ಹಾಕಿದ ಕೈಚೀಲ ಹಿಡಿದು ಯಾರೇ ಬರಲಿ, ಅಮರಗುಂಡಪ್ಪ ಅವರಿಗೆ ಬಟ್ಟೆ ತೋರಿಸುವುದಿಲ್ಲ. ಹಿಂದೆ ಕಪಾಟಿನ ತುಂಬ ಬಟ್ಟೆಯ ಥಾನುಗಳಿರುತ್ತವೆ. ಮುಖಕ್ಕೆ ಮುಖ ಕೊಟ್ಟು 'ಅರಿವಿ ಇಲ್ಲ', ಬಟ್ಟೆಯೇ ಇಲ್ಲ, ಎನ್ನುತ್ತಾನೆ. ವ್ಯಾಪಾರ ಇಳಿಯಿತು. ಎದುರಿನವನು ಮಾಳಿಗೆಯ ಮೇಲೆ ಮಾಳಿಗೆ ಏರಿಸಿದ. ಅಮರಗುಂಡಪ್ಪನ ಮೀಸೆ ಮಾತ್ರ ಮಣ್ಣಾಗಲಿಲ್ಲ.

ಜಂಬಣ್ಣನಿಗೆ ನಗು ಬಂತು. ಎಂಥ ಮೂಢತನ. ಈ ಅಪ್ಪನಿಂದ ದೂರ ಹೋಗಲಿಕ್ಕೆಂದೇ ತಾನು ಓದಿದ್ದು, ಸಿಂಧನೂರಿಗೆ ಹೋಗಿ ಸೆಂಟರಿನ ಬೋರ್ಡು ಹಾಕಿದ್ದು. ತನಗೂ ಇವನಿಗೂ ಎತ್ತಣಿಂದೆತ್ತ ಸಂಬಂಧ! ಹಾಗೆಂದುಕೊಳ್ಳುತ್ತಲೇ ಅಪ್ಪನ ಕಣ್ಣಿಗೆ ಬೀಳಬಾರದೆಂದು ಕಿಟಕಿಯ ಕೆಳಗೆ ತಲೆ ಬಗ್ಗಿಸಿದ. ಅಷ್ಟು ಕಷ್ಟ ಪಡಬೇಕಾಗಿರಲಿಲ್ಲ. ಅಮರಗುಂಡಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬಸ್ಸಿನಿಂದ ಇಳಿಯುವವರ ಕೈಗಳನ್ನು ನೋಡುತ್ತಿದ್ದ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನೂರಪ್ಪ ಕಾಯುತ್ತಿದ್ದ. ಮೊದಲಿಗಿಂತ ದಪ್ಪಗಾಗಿದ್ದ, ನಗು ಮಾತ್ರ ಅದೇ.

"ಏನಲೇ ಜಂಬಾ, ಬೂಟು ಗೀಟು ಹಾಕ್ಕೊಂಡ್ ಬಂದೀದಿ. ಹೆಣ್ಣು ನೋಡಾಕ ಬಂದೀಯೇನು?"

"ನಿಮ್ಮ ಅಧ್ಯಕ್ಷರು ಏನಂತಾರ?"

"ಅಯ್ಯಪ್ಪ ಸಾಹುಕಾರ್ರೇನು? ಕಂಪ್ಯೂಟರ್ ಅಂದ್ರ ಟೀವಿಯ ತಮ್ಮ ಅಂತ ತಿಳ್ಕೊಂಡಾರ. ಕಣ್ಣಿಗೆ ಚೊಲೊ ಕಂಡ್ರ ಹ್ಞೂ ಅಂತಾರ. ನಡಿ, ಚಾ ಕುಡ್ಯೂಣು, ಇನ್ನೂ ಟೈಮೈತಿ."

ಹೋಟೆಲಿನಲ್ಲಿ ಮಿರ್ಚಿಯ ಎಣ್ಣೆ ಕಾಯುತ್ತಿತ್ತು. ಹೊನ್ನೂರಪ್ಪ ಮಂಡಕ್ಕಿ ಮಿರ್ಚಿ ಹೇಳಿದ. ಜಂಬಣ್ಣ ಬೇಡವೆಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆದರೂ ಬೇಡವೆಂದ.

"ನಿನ್ನೆ ನಾನೂ ನಿನ್ನ ಪುಟ ನೋಡಾಕ ಹೋಗಿದ್ನೆಪ," ಎಂದ ಹೊನ್ನೂರಪ್ಪ. "ಕಾಲೇಜಿನ ಕಂಪ್ಯೂಟರ್ ಮ್ಯಾಲ."

"ನೋಡಿದೇನು?"

"ಎಲ್ಲಿ ನೋಡ್ಲಿ. ಬಿಡಲೇ ಇಲ್ಲ."

ಜಂಬಣ್ಣನ ಮುಖ ಅರಳಿತು. ಬೆಳಗಿನಿಂದ ಯಾರಿಗಾದರೂ ಹೇಳಬೇಕೆಂದಿದ್ದದ್ದು ಬಾಯಿಗೆ ಬಂತು. "ಯಾರನ್ನೂ ಬಿಡಂಗಿಲ್ಲದು. ರಾತ್ರಿ ಒಬ್ಬ ಅಮೆರಿಕಾದವ ಬಂದಿದ್ದ. ಅವನ್ನೂ ಬಿಟ್ಟಿಲ್ಲ ನೋಡು!"

"ನಾ ಅಮೆರಿಕಾದವನಲ್ಲಲೇ. ನಾ ಹೊನ್ನೂರ."

"ನಿನಗಂದದ್ದಲ್ಲೋ ಅದು. ನೀನಲ್ಲ, ನಿನ್ನ ಕೈಯಾಗಿನ ಬ್ರೌಸರು."

ಹೊನ್ನೂರಪ್ಪ ಚಹಾದ ಬಸಿಯನ್ನು ಬಾಯಿಯ ಹತ್ತಿರ ಒಯ್ದವನು ಮತ್ತೆ ಕೆಳಗಿಟ್ಟ. 

"ನಿಮ್ಮಪ್ಪನೂ ಹಿಂಗ ಅಂದಿದ್ದ."

"ಯಾರಿಗೆ?"

"ನಮ್ಮವ್ವಗ. ನನ್ನ ಲಗ್ನದ ಜವಳಿಗೆ ಅಕಿ ಮದಲು ನಿಮ್ಮಂಗಡಿಗೇ ಹೋಗಿದ್ಲು. ನನ್ನ ಮಗನ ಗೆಳ್ಯಾನ ಅಂಗಡಿ ಅಂತ ಕುರಿ ಕಾಯಾ ಮಂದೀಗೆಲ್ಲ ಹೇಳ್ಕೊಂಡು ಹೋಗಿದ್ಲು. ಕೈಯಾಗ ರೊಟ್ಟಿಗಂಟು ಹಾಕ್ಕೊಂಡ ಒಂದು ಚೀಲ, ಯಾರೋ ಕೊಟ್ಟದ್ದು. ಅದರ ಮ್ಯಾಲ ಯಾವ ಅಂಗಡಿ ಹೆಸರೈತಿ ಅಂತ ಅಕಿಗೇನು ಗೊತ್ತು? ಮುದುಕಮ್ಮಗ ಅಕ್ಷರ ಬರ್ತಾವೇನು? ನಿಮ್ಮಪ್ಪ ಎದ್ದು ನಿಂತು ಕೈ ಮುಗದು ಅಂದನಂತ, ಅರಿವಿ ಇಲ್ಲಬೇ ಯವ್ವಾ. ನೀನಲ್ಲ, ನಿನ್ನ ಕೈಯಾಗಿನ ಚೀಲ."

ಮಿರ್ಚಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ನೀ ನಂಗ ಹೇಳಲೇ ಇಲ್ಲ," ಎಂದ ಜಂಬಣ್ಣ.

"ನೀ ಲಗ್ನಕ್ಕ ಬಂದಿದ್ದಿ. ಸೀರಿ ಭಾಳ ಚೊಲೊ ಅದಾವಲೇ, ನಮ್ಮಂಗಡ್ಯಾವೇನು ಅಂತ ಕೇಳಿದಿ. ಉಂಡು ಹೋಗು ಅಂದೆ."

ಜಂಬಣ್ಣನಿಗೆ ನಾಚಿಕೆಯಾಯಿತು ಎಂದೇ ಹೇಳಬೇಕು. ಆದರೆ ನಾಚಿಕೆ ಅವನಲ್ಲಿ ಬಹಳ ಹೊತ್ತು ನಿಲ್ಲುವ ವಸ್ತುವಲ್ಲ. ಬಂದ ಕೂಡಲೇ ವಾದವಾಗಿ ತಿರುಗುತ್ತಿತ್ತು. ಅಪ್ಪನದು ದ್ವೇಷ, ತನ್ನದು ತತ್ವ. ಅಪ್ಪನಿಗೆ ಎದುರಂಗಡಿಯವನು ಬೇಡ, ತನಗೆ ಒಡೆದ ಅಕ್ಷರ ಬೇಡ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಹೊನ್ನೂರನಂಥ ಗಣಿತದ ಮನುಷ್ಯನಿಗೆ ಸಲ್ಲದು. ಇಷ್ಟೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು, "ಅದು ಬ್ಯಾರೆ, ಇದು ಬ್ಯಾರೆ," ಎಂದಷ್ಟೇ ಹೇಳಿದ.

"ಇರಬೋದಪ. ನಡಿ, ಟೈಮಾತು."

ಅವಮಾನ ತಿಂದವನು ಬೈಯಬೇಕು. ಬೈದಿದ್ದರೆ ಜಂಬಣ್ಣ ತಿರುಗಿ ಬೈದು ಹಗುರಾಗುತ್ತಿದ್ದ. ಇವನೋ, ಅವ್ವನ ಕಥೆ ಹೇಳಿ, ಚಹಾದ ದುಡ್ಡನ್ನೂ ಕೊಟ್ಟು, ನೌಕರಿ ಕೊಡಿಸಲು ಮುಂದೆ ಮುಂದೆ ನಡೆದಿದ್ದಾನೆ. ಆ ಅಗಲ ಬೆನ್ನು ನೋಡುತ್ತ ಹಿಂದೆ ಹೋಗುವಾಗ ಜಂಬಣ್ಣನಿಗೆ ಸಿಟ್ಟು ಬಂತು.

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬಂದೇಸಾಬ ನಿಂತಿದ್ದ. ಕೋಣೆಯ ಕೀಲಿ, ಕಸ, ಕಾವಲು ಎಲ್ಲ ಅವನದೇ. ಒಳಗೆ ಕೆಂಪು ಜಮಖಾನ, ಏಸಿ, ಕಿಟಕಿಗಳಿಗೆಲ್ಲ ದಪ್ಪ ಪರದೆ. ಒಳಗೆ ಧೂಳು ಹೊಕ್ಕರೆ ಕಂಪ್ಯೂಟರ್ ಸಾಯುತ್ತದೆಂದು ಯಾರೋ ಹೇಳಿದ್ದರಿಂದ ಸಾಕ್ಷಾತ್ ಅಧ್ಯಕ್ಷರೂ ಚಪ್ಪಲಿಯನ್ನು ಹೊರಗೇ ಬಿಡಬೇಕು. ಹೊರಗೆ ಬಿಟ್ಟ ಚಪ್ಪಲಿ ಬೂಟುಗಳ ಜೋಡು ನೋಡಿಯೇ ಒಳಗೆ ಯಾರು ಯಾರಿದ್ದಾರೆಂದು ಬಂದೇಸಾಬ ಹೇಳುತ್ತಿದ್ದ. ಜೋಡು ಇಲ್ಲದಾಗ ಬೀಗ ಹಾಕುತ್ತಿದ್ದ. 

"ಬೂಟು ಇಲ್ಲೇ ಬಿಡ್ರಿ ಸರ್."

ಜಂಬಣ್ಣ ಬಿಟ್ಟ. ಬಿಡುವಾಗ ಬಲಗಾಲಿನ ಹರಿದ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಬೂಟಿಗೆ ಅಷ್ಟೊಂದು ಪಾಲಿಶ್ ಹಚ್ಚುವಾಗ ಕಾಲುಚೀಲದ ನೆನಪಾಗಿರಲಿಲ್ಲ. ಬೆರಳನ್ನು ಒಳಕ್ಕೆ ಮಡಚಿಕೊಂಡು ಜಮಖಾನದ ಮೇಲೆ ನಡೆದ.

ಅಧ್ಯಕ್ಷ ಅಯ್ಯಪ್ಪ ಸಾಹುಕಾರ್ ತೆರೆಯ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಜವಳಗೇರಾದ ಕಡೆ ನೀರಾವರಿ ಗದ್ದೆ ಇದ್ದ ಭಾರಿ ಮನುಷ್ಯ. ಪಕ್ಕದಲ್ಲಿ ಪ್ರಿನ್ಸಿಪಾಲರು, ಕೀಲಿಮಣೆಯ ಮುಂದೆ ಜಂಬಣ್ಣ, ಗೋಡೆಗೆ ಒರಗಿ ಹೊನ್ನೂರಪ್ಪ. ಫೋನಿನ ತಂತಿ ಕಿರುಗುಟ್ಟಿ, ಕೆಮ್ಮಿ, ಕೊನೆಗೆ ಸಂಪರ್ಕ ಸಿಕ್ಕಿತು. ಪುಟದ ವಿಳಾಸವನ್ನು ಹೊನ್ನೂರಪ್ಪನೇ ಬಂದು ಒತ್ತಿ ಮತ್ತೆ ಗೋಡೆಗೆ ಸರಿದ. ಎಲ್ಲರೂ ಕಾದರು. ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಬೋರ್ಡು ಇಳಿಯಿತು.

ಅಯ್ಯಪ್ಪನವರು ಕನ್ನಡಕ ಏರಿಸಿ ಕೂಡಿಸಿ ಕೂಡಿಸಿ ಓದಿದರು. "ಈ ಪುಟ... ನಿಮಗಲ್ಲ." ತಲೆಯೆತ್ತಿದರು. "ನನಗ ಅಂತೈತೇನು?"

ಪ್ರಿನ್ಸಿಪಾಲರು ಕೆಮ್ಮಿದರು.

"ಕಾಲೇಜು ನಂದು. ಕಂಪ್ಯೂಟರ್ ನಂದು. ಫೋನಿನ ಬಿಲ್ಲೂ ನಂದ. ನನಗಲ್ಲಂದ್ರ ಇದು ಮತ್ಯಾರಿಗೆ?"

"ನನಗೂ ಅಲ್ರಿ," ಎಂದ ಜಂಬಣ್ಣ. ಅವನ ದನಿಯಲ್ಲಿ ಅಳುಕಿರಲಿಲ್ಲ. "ಈ ಬ್ರೌಸರಿನ್ಯಾಗ ಬಂದ್ರ ಮಾಡಿದವ್ನಿಗೂ ತೆರೆಯಂಗಿಲ್ಲ. ನೋಡ್ರಿ ಬೇಕಾದ್ರ, ನಾನ ಮುಂದ ಕುಂತೀನಿ, ನನ್ನೂ ಬಿಡಾಕತ್ತಿಲ್ಲ."

ನಿಜಕ್ಕೂ ಅವನಿಗೆ ರೋಮಾಂಚನವಾಗಿತ್ತು. ತಾನು ಬರೆದ ಸಾಲು ತನ್ನ ಗುರುತನ್ನೂ ಹಿಡಿಯಲಿಲ್ಲ! ಮುಲಾಜಿಲ್ಲ, ಮೋರೆ ನೋಡುವುದಿಲ್ಲ. ಈ ಸೀಮೆಯಲ್ಲಿ ಯಾವ ಕಚೇರಿ, ಯಾವ ಮಠ, ಯಾವ ಅಂಗಡಿ ಇಷ್ಟು ನಿಷ್ಠುರವಾಗಿದೆ? ಉಳಿದ ಮೂವರಿಗೂ ಅದೇ ರೋಮಾಂಚನವಾಗಿರಬೇಕೆಂದು ಅವನು ಒಬ್ಬೊಬ್ಬರ ಮುಖ ನೋಡಿದ. ಅಯ್ಯಪ್ಪನವರು ತಲೆ ಕೆರೆದುಕೊಳ್ಳುತ್ತಿದ್ದರು.

"ತೆರೆಯಂಗ ಮಾಡಾಕ ಏನ್ ಮಾಡಬೇಕು?"

"ಒಂದು ಸಾಲು ತೆಗದ್ರ ತೆರೀತೈತ್ರಿ. ಆದ್ರ ಅಕ್ಷರ ಒಡೀತಾವು."

"ಒಡೀಲಿ ಬಿಡ್ರಿ. ನಮ್ಮ ಮಂದಿ ಒಡದದ್ದೂ ಓದ್ತಾರ. ತೆಗೀರಿ ಸಾಲು."

"ಬೋರ್ಡು ಬರೋಬ್ಬರಿ ಕಾಣತೈತಲ್ಲ," ಎಂದರು ಪ್ರಿನ್ಸಿಪಾಲರು. "ಹಂಗ ಉಳದದ್ದೂ ಮಾಡಾಕ ಬರಂಗಿಲ್ಲೇನ್ರಿ?"

"ಬೋರ್ಡು ಅಕ್ಷರ ಅಲ್ರಿ ಸರ್, ಚಿತ್ರ."

"ಕಾಣತೈತಲ್ಲ?"

ಜಂಬಣ್ಣ ಕೀಲಿಮಣೆಯ ಮೇಲೆ ಬೆರಳಿಟ್ಟ. ತೆಗೆಯುವುದು ಒಂದು ನಿಮಿಷದ ಕೆಲಸ. ತೆಗೆದರೆ ನೌಕರಿ. ಮಸ್ಕಿ ತಪ್ಪುತ್ತದೆ, ಗಾದಿ ತಪ್ಪುತ್ತದೆ. ತೆಗೆಯಲೆಂದೇ ಅವನು ಬೆರಳಿಟ್ಟದ್ದು. ಆದರೆ ಗೋಡೆಗೆ ಒರಗಿ ಹೊನ್ನೂರಪ್ಪ ನಿಂತಿದ್ದ. ಈಗ ತೆಗೆದರೆ, ಹೌದು, ನಾನು ಅಮರಗುಂಡಪ್ಪನ ಮಗ, ನಿಮ್ಮವ್ವನನ್ನು ತಿರುಗಿಸಿ ಕಳಿಸಿದ ಬಾಗಿಲು ನನ್ನದೇ ಎಂದು ಒಪ್ಪಿಕೊಂಡಂತೆ. ತೆಗೆಯದಿದ್ದರೆ ಅದನ್ನೇ ಮಾಡಿ ತೋರಿಸಿದಂತೆ. ಹೊನ್ನೂರಪ್ಪ ಒಂದೇ ಒಂದು ಮಾತು, 'ತೆಗಿಯಲೇ ಜಂಬಾ' ಎಂದಿದ್ದರೆ ತೆಗೆಯುತ್ತಿದ್ದನೇನೋ. ಹೊನ್ನೂರಪ್ಪ ಪರದೆಯ ನೆರಿಗೆ ನೋಡುತ್ತಿದ್ದ.

"ನಾ ಸೀಡಿ ತಂದೀನ್ರಿ," ಎಂದ ಜಂಬಣ್ಣ. "ಈ ಕಂಪ್ಯೂಟರಿಗೇ ನನ್ನ ಬ್ರೌಸರ್ ಹಾಕಿಬಿಡ್ತೀನಿ. ಅರ್ಧ ತಾಸು."

ಅಯ್ಯಪ್ಪನವರು ಎದ್ದರು. "ಹಾಕ್ರಿ. ನಾವು ಉಂಡು ಬರ್ತೀವಿ. ಇವರ ಪುಟ ನೋಡಾಕ ನಾವು ಬದಲಾಗಬೇಕಂತ, ಪ್ರಿನ್ಸಿಪಾಲ್ರ," ಎಂದು ನಗುತ್ತ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಹೊನ್ನೂರಪ್ಪ ಬಾಗಿಲಲ್ಲಿ ನಿಂತ. "ನೀನೂ ಬಾರಲೇ ಊಟಕ್ಕ."

"ನೀ ಹೋಗು."

"ಊಟಕ್ಕ ಕುಂತಾಗ ಸಾಹುಕಾರ್ರ ಕೂಡ ನಾ ಮಾತಾಡ್ತೀನಿ."

"ನಿನ್ನ ಮಾತು ಬ್ಯಾಡ. ಪುಟಾನ ಮಾತಾಡತೈತಿ."

ಹೊನ್ನೂರಪ್ಪ ಹೋದ. ಸೀಡಿ ತಿರುಗತೊಡಗಿತು. ತೆರೆಯ ಮೇಲೆ ನೀಲಿ ಪಟ್ಟಿಯೊಂದು ಆಮೆಯಂತೆ ಮುಂದಕ್ಕೆ ಸರಿಯುತ್ತಿತ್ತು. ಜಂಬಣ್ಣ ಸ್ವಲ್ಪ ಹೊತ್ತು ಅದನ್ನು ನೋಡಿದ. ಆಮೇಲೆ ಯಾರಾದರೂ ಬರುತ್ತಿದ್ದಾರೋ ಎಂದು ಬಾಗಿಲಿಗೆ ಬಂದ. ಪಡಸಾಲೆ ಖಾಲಿ. ಬಂದೇಸಾಬನೂ ಇರಲಿಲ್ಲ. ದೂರದ ಮೈದಾನದಲ್ಲಿ ಹುಡುಗರು ಸೈಕಲ್ಲು ಒರಗಿಸಿಕೊಂಡು ನಗುತ್ತಿದ್ದರು. ಬಾಗಿಲ ಪಕ್ಕದಲ್ಲಿ ಅವನ ಬೂಟು ಒಂಟಿಯಾಗಿ ಕೂತಿತ್ತು.

ಹೆಬ್ಬೆರಳು ತಣ್ಣಗಾಗಿತ್ತು. ಅವನು ಅಲ್ಲೇ ಕೂತು ಬೂಟು ಹಾಕಿಕೊಂಡ, ಲೇಸು ಬಿಗಿದ. ಹಾಕಿಕೊಂಡ ಮೇಲೆ ಮತ್ತೆ ಬಿಚ್ಚುವುದು ಅವನಿಗೆ ಸರಿ ಕಾಣಲಿಲ್ಲ. ಧೂಳಿನ ಕಥೆಯೆಲ್ಲ ಸುಳ್ಳೆಂದು ಈ ಕಟ್ಟಡದಲ್ಲಿ ಗೊತ್ತಿರುವವನು ತಾನೊಬ್ಬನೇ. ಗೊತ್ತಿರುವವನೇ ಬಗ್ಗಿದರೆ ಹೇಗೆ? ಬೂಟುಗಾಲಲ್ಲೇ ಒಳಗೆ ಬಂದ. ಏಸಿಯ ತಂಪು ಹೋಗದಿರಲೆಂದು ಬಾಗಿಲು ಮುಚ್ಚಿಕೊಂಡು ಜಮಖಾನದ ಮೇಲೆ ನಡೆದ. ಈಗ ಅವನು ಮೊದಲಿಗಿಂತ ಎತ್ತರವಾಗಿದ್ದ.

ನೀಲಿ ಪಟ್ಟಿ ಕೊನೆ ಮುಟ್ಟಿತು. ಹೊಸ ಬ್ರೌಸರಿನಲ್ಲಿ ಪುಟ ತೆರೆಯಿತು.

ಇದನ್ನು ಅವನು ನೂರಾರು ಸಲ ನೋಡಿದ್ದ. ಆದರೂ ಬೇರೆಯವರ ಊರಿನಲ್ಲಿ, ಬೇರೆಯವರ ಕಂಪ್ಯೂಟರಿನಲ್ಲಿ ಅದು ತೆರೆದಾಗ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಎಲ್ಲಕ್ಕಿಂತ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 'ಸ್ವಾಗತ' ಎಂದಿತ್ತು; ಅದು ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ಹಾಗೆ ಮಿನುಗಿಸುವುದು ಅವನ ಬ್ರೌಸರಿಗೆ ಮಾತ್ರ ಬರುತ್ತಿದ್ದ ವಿದ್ಯೆ. ಕೆಳಗೆ ಮಸ್ಕಿಯ ಗುಡ್ಡ, ಬಂಡೆ, ಬಂಡೆಯ ಮೇಲಿನ ಬರಹದ ಅರ್ಥ, ಮುದಗಲ್ಲಿನ ಕೋಟೆ. ಒತ್ತು, ದೀರ್ಘ, ಕೊಂಬು, ಎಲ್ಲ ತಂತಮ್ಮ ಜಾಗದಲ್ಲಿ. ಎಷ್ಟು ಚೆಂದ ಕೂತಿವೆ! ರಾಯಚೂರು ಜಿಲ್ಲೆಯಲ್ಲಿ ಯಾರು ಮಾಡಿದ್ದಾರೆ ಇದನ್ನು? ಅವನಿಗೆ ಕಣ್ಣು ತುಂಬಿ ಬಂತು. ಅಪ್ಪ ನೋಡಬೇಕಿತ್ತು ಎಂದುಕೊಂಡ; ಅಂದುಕೊಂಡದ್ದಕ್ಕೆ ತನ್ನ ಮೇಲೇ ರೇಗಿತು.

ಹಿಂದೆ ಸಾಲು ಕುರ್ಚಿಗಳು ಖಾಲಿ ಇದ್ದವು.

ಆಗ ಬಾಗಿಲ ಹತ್ತಿರ ಚಿಲಕ ಎಳೆದ ಸದ್ದಾಯಿತು. ಹಿಂದೆಯೇ ಬೀಗ ಬಿದ್ದ ಸದ್ದು. ಏನಾಯಿತೆಂದು ಜಂಬಣ್ಣನಿಗೆ ಕೂಡಲೇ ತಿಳಿಯಿತು. ಬಂದೇಸಾಬ ಊಟ ಮುಗಿಸಿ ಬಂದಿದ್ದಾನೆ, ಹೊರಗೆ ಒಂದು ಜೋಡೂ ಕಾಣಿಸಿಲ್ಲ, ಒಳಗೆ ಯಾರೂ ಇಲ್ಲವೆಂದು ಕೀಲಿ ಹಾಕಿದ್ದಾನೆ.

ಕೂಗಬೇಕೆಂದು ಬಾಯಿ ತೆರೆದ. ಕೂಗಿದರೆ ಬಂದೇಸಾಬ ಬಾಗಿಲು ತೆಗೆಯುತ್ತಾನೆ. ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಬೂಟಿನ ಅಚ್ಚು ಬಾಗಿಲಿನಿಂದ ಕುರ್ಚಿಯವರೆಗೆ ಜಮಖಾನದ ಮೇಲೆ ಎದ್ದು ಕಾಣುತ್ತಿತ್ತು. ಇರಲಿ, ಹೇಗೂ ಅಧ್ಯಕ್ಷರು ಬರುತ್ತಾರೆ, ಆಗ ತೆಗೆಯಲೇಬೇಕು. ಅಷ್ಟರಲ್ಲಿ ಬೂಟು ಬಿಚ್ಚಿ ಕುರ್ಚಿಯ ಕೆಳಗಿಟ್ಟರಾಯಿತು. ಲೇಸಿಗೆ ಕೈ ಹಾಕಿದ. ಗಂಟು ಬಿಗಿದುಕೊಂಡಿತ್ತು.

ಹೊರಗೆ ಅವಸರದ ಹೆಜ್ಜೆ ಕೇಳಿಸಿತು.

"ಬಂದೇಸಾಬ, ಒಳಗ ನಮ್ಮ ಜಂಬಣ್ಣ ಇದ್ನಲ್ಲೋ?" ಹೊನ್ನೂರಪ್ಪನ ದನಿ.

"ಇಲ್ರಿ ಸರ್. ಹೊರಗ ಒಂದ ಜೋಡೂ ಇಲ್ಲ. ನೋಡೇ ಕೀಲಿ ಹಾಕೀನಿ."

"ಎಲ್ಲಿ ಹೋದ ಈ ಮನಷ್ಯಾ? ಉಣ್ಣಾಗ ಕುಂತು ಸಾಹುಕಾರ್ರನ್ನ ಒಪ್ಪಿಸೀನಪ. ಸಾಲೂ ಗೀಲೂ ತೆಗ್ಯೂದು ಬ್ಯಾಡ, ಹುಡುಗ ಶಾಣ್ಯಾ ಅದಾನ, ಕರಕೊಂಬಾ ಅಂದಾರ. ರಾಯಚೂರಿಗೆ ಹೊಂಟು ಕಾರ್ ಚಾಲೂ ಮಾಡಿ ನಿಂತಾರ. ಬಂದು ಒಂದು ನಮಸ್ಕಾರ ಅಂದ್ರ ಮುಗೀತು. ಇಲ್ಲಂದ್ರ ನಾಳೆ ಈ ನೌಕರಿಗೆ ಬ್ಯಾರೆಯವ್ರು ಬರಾವ್ರದಾರ."

ಬಾಗಿಲನ್ನು ಅಂಗೈಯಿಂದ ಬಡಿದ ಸದ್ದು. "ಜಂಬಾ! ಒಳಗದಿ ಏನಲೇ?"

ಜಂಬಣ್ಣ ಕುರ್ಚಿಯಿಂದ ಅರ್ಧ ಎದ್ದ. 'ಅದೀನಿ' ಎಂದರೆ ಸಾಕು. ನಾಲಗೆಯ ತುದಿಗೆ ಬಂದಿತ್ತು. ಆದರೆ ಹೊನ್ನೂರ ಒಪ್ಪಿಸಿದ್ದಾನೆ. ಪುಟ ಒಪ್ಪಿಸಲಿಲ್ಲ, ಅಕ್ಷರ ಒಪ್ಪಿಸಲಿಲ್ಲ, ಮುದುಕಮ್ಮನ ಮಗ ಅನ್ನ ಸಾರಿನ ಮುಂದೆ ಕೂತು ತನಗಾಗಿ ಬೇಡಿದ್ದಾನೆ. ಈಗ ಅವನೇ ಬೀಗ ತೆಗೆಸಿ ತನ್ನನ್ನು ಹೊರಗೆ ಕರೆಯಬೇಕು. ಬೂಟುಗಾಲಲ್ಲಿ, ಕಳ್ಳನ ಹಾಗೆ ಒಳಗೆ ಸಿಕ್ಕಿಕೊಂಡವನನ್ನು.

"ಜಂಬಾ!"

ಮೊದಲ ಕರೆಗೇ ಓಗೊಡಬೇಕಿತ್ತು. ಈಗ ಓಗೊಟ್ಟರೆ ಮೊದಲೇಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ.

"ಸಿಟ್ಟಾಗಿ ಹೋಗಿರಬೇಕ್ರಿ," ಎಂದ ಬಂದೇಸಾಬ. "ಭಾಳ ಸೊಕ್ಕಿನ ಮನಷ್ಯಾ ಕಾಣ್ತಾನ."

"ಸೊಕ್ಕಿನವನ. ಆದ್ರ ನಂಗ ಹೇಳದ ಹೋಗಾವನಲ್ಲ."

"ತೆಗೀಲೇನ್ರಿ, ನೋಡಬೇಕಂದ್ರ?" ಕೀಲಿಗೊಂಚಲು ಸದ್ದು ಮಾಡಿತು.

ಜಂಬಣ್ಣ ಬೀಗದ ಕಡೆಗೇ ಕಿವಿಗೊಟ್ಟ. ತೆಗೆಯಲಿ ಎಂದು ಅವನ ಮೈಯೆಲ್ಲ ಬೇಡುತ್ತಿತ್ತು. ಬಾಯಿ ಮಾತ್ರ ಬೇಡಲಿಲ್ಲ.

"ಬ್ಯಾಡ ಬಿಡು," ಎಂದ ಹೊನ್ನೂರಪ್ಪ. "ಇದ್ರ ಓ ಅಂತಿದ್ದ."

ಹೆಜ್ಜೆಗಳು ಪಡಸಾಲೆಯುದ್ದಕ್ಕೂ ಹೋದವು. ಅತ್ತ ಕಾರಿನ ಬಾಗಿಲು ಹಾಕಿದ ಸದ್ದು, ಕಾರು ಹೊರಟ ಸದ್ದು. ತಾನು ಯಾರನ್ನೂ ಬೇಡಲಿಲ್ಲವೆಂದು ಜಂಬಣ್ಣನಿಗೆ ಹೆಮ್ಮೆಯೆನಿಸಿತು. ಬೂಟಿನ ಸದ್ದಾಗದಂತೆ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತ.

ಪರದೆ ಎಳೆದ ಕೋಣೆಯಲ್ಲಿ ಬೆಳಕೆಂದರೆ ತೆರೆಯೊಂದೇ. ಅದರ ಮೇಲೆ 'ಸ್ವಾಗತ' ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಒಂದಕ್ಷರವೂ ಒಡೆದಿರಲಿಲ್ಲ.